ನೀಲಿ ಹತ್ತದ ಗೋಡೆ

ಎರ್ರೆಮ್ಮ ಸಂಡೂರಿನವಳಲ್ಲ.

ಇದನ್ನು ಮೊದಲೇ ಹೇಳಿಬಿಡಬೇಕು. ಹನ್ನೊಂದು ವರ್ಷದ ಹಿಂದೆ ಇದೇ ವಾರಪತ್ರಿಕೆಯ ಇದೇ ಪುಟದಲ್ಲಿ ನಮ್ಮ ಓಣಿಯ ನೆನಪು ಬರೆಯುತ್ತ, "ದಸರೆ ಇನ್ನು ಹದಿನೈದು ದಿನ ಇದೆ ಅನ್ನುವಾಗ ಸಂಡೂರಿನ ಗುಡ್ಡಗಳ ಕಡೆಯಿಂದ ಕೆಮ್ಮಣ್ಣಿನ ಮೂಟೆ ಹೊತ್ತು ಎರ್ರೆಮ್ಮ ನಮ್ಮ ಓಣಿಗೆ ಇಳಿದು ಬರುತ್ತಿದ್ದಳು, ಗೋಡೆಗಳೆಲ್ಲ ಬೆಳ್ಳಗಾದ ಮರುದಿನ ಬಂದ ಹಾಗೆಯೇ ಮಾಯವಾಗುತ್ತಿದ್ದಳು" ಎಂದು ಬರೆದವನು ನಾನೇ. ಓದಿದವರು ಮೆಚ್ಚಿದರು. ಇಬ್ಬರು ಮೇಷ್ಟ್ರು ಫೋನ್ ಮಾಡಿ ಆ ಸಾಲನ್ನು ನನಗೇ ಓದಿ ಹೇಳಿದರು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಟಿ.ಬಿ. ಡ್ಯಾಂನಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಕಂಡವರ ಅರ್ಜಿ ಓದುತ್ತಲೇ ಬರೆಯುವುದನ್ನು ಕಲಿತ ನನಗೆ ಅಷ್ಟು ಸಾಕಾಗಿತ್ತು. ನಾನೂ ಆ ಸಾಲಿಗೆ ಮರುಳಾಗಿದ್ದೆ.

ಆ ಸಾಲು ಸುಳ್ಳು. ಎರ್ರೆಮ್ಮ ಎಲ್ಲಿಂದಲೂ ಇಳಿದು ಬರುತ್ತಿರಲಿಲ್ಲ, ಎಲ್ಲಿಗೂ ಮಾಯವಾಗುತ್ತಿರಲಿಲ್ಲ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ನಾನು ಬೆಳೆದ ನಮ್ಮ ದೊಡ್ಡಪ್ಪನ ಮನೆಯ ಹಿಂದಿನ ಗೋಡೆಗೆ ಒರಗಿಸಿ ಕಟ್ಟಿದ ಒಂದು ಕೋಣೆಯಲ್ಲಿ ಇದ್ದಳು. ಈಗಲೂ ಅಲ್ಲೇ ಇದ್ದಾಳೆ. ನಾವು ಹುಡುಗರು ಮಲಗುತ್ತಿದ್ದ ಕೋಣೆಗೂ ಆಕೆಯ ಕೋಣೆಗೂ ನಡುವೆ ಇದ್ದದ್ದು ಅದೊಂದೇ ಗೋಡೆ. ಬೆಳಿಗ್ಗೆ ಆಕೆ ಕೆಮ್ಮಿದರೆ ನನಗೆ ಎಚ್ಚರವಾಗುತ್ತಿತ್ತು.

ಎರ್ರೆಮ್ಮ ಹುಟ್ಟಿದ್ದು ಕಂಪ್ಲಿ ಕಡೆಯ ಎಮ್ಮಿಗನೂರಿನ ಕೇರಿಯಲ್ಲಿ. ಹದಿನೆಂಟಕ್ಕೆ ಮದುವೆಯಾಗಿ ಚಿತ್ತವಾಡ್ಗಿಗೆ ಬಂದಳು. ಗಂಡ ಹಂಪಯ್ಯ ಕಬ್ಬಿನ ಲಾರಿಗೆ ಲೋಡ್ ಮಾಡುವ ಹಮಾಲ. ಆ ಕೋಣೆಯನ್ನು ಕಟ್ಟಿದವನು ಅವನೇ. ಸರ್ಕಾರಿ ತುಂಡು ಜಾಗ, ಮೂರು ಕಡೆ ಕಲ್ಲು-ಮಣ್ಣಿನ ಗೋಡೆ, ನಾಲ್ಕನೆಯ ಕಡೆ ನಮ್ಮ ಗೋಡೆ. ನಾಲ್ಕನೆಯದನ್ನು ಕಟ್ಟುವಷ್ಟು ಕಲ್ಲು ಸಿಗಲಿಲ್ಲ ಎಂದು ಎರ್ರೆಮ್ಮ ಹೇಳುತ್ತಾಳೆ. "ಕಟ್ಟಿದ್ರ ಒಳಗ ಕಾಲು ಚಾಚಾಕ ಜಾಗ ಎಲ್ಲಿ ಇರ್ತಿತ್ತು" ಎಂದೂ ಹೇಳುತ್ತಾಳೆ.

ಸುಣ್ಣ ಹಚ್ಚುವ ಕೆಲಸ ಅತ್ತೆ ವಿರುಪಮ್ಮನಿಂದ ಬಂದದ್ದು. ಸುಣ್ಣದ ಹರಳನ್ನು ಡ್ರಮ್ಮಿಗೆ ಹಾಕಿ ನೀರು ಸುರಿದರೆ ಕೊತಕೊತ ಕುದಿಯುತ್ತದೆ. ಒಂದು ದಿನ ತಣಿಯಲು ಬಿಟ್ಟು, ಹಳೆ ಪಂಚೆಯಲ್ಲಿ ಸೋಸಿ, ಅಂಟಿಗೆ ಗೋಂದು, ಬಿಳುಪಿಗೆ ಚಿಟಿಕೆ ನೀಲಿ. ಈಚಲ ದಂಟನ್ನು ಕಲ್ಲಿನ ಮೇಲೆ ಕುಟ್ಟಿ ಕುಂಚ ಮಾಡಿಕೊಳ್ಳುತ್ತಿದ್ದಳು. ಓಣಿಯ ಹತ್ತೊಂಬತ್ತು ಮನೆಗಳಿಗೆ ದಸರೆಗೆ ಮೊದಲು ಆಕೆಯ ಕೈ ಮುಟ್ಟಲೇಬೇಕು. ಮೊದಲ ವರ್ಷವೇ ಏಣಿಯ ಮೇಲಿದ್ದಾಗ ಎಡಗಣ್ಣಿಗೆ ಸುಣ್ಣ ಸಿಡಿಯಿತು. ಅತ್ತೆ ಎಳ್ಳೆಣ್ಣೆ ಬಿಟ್ಟಳು. ಕಣ್ಣು ಉಳಿಯಿತು, ನೋಟ ಅರ್ಧ ಹೋಯಿತು. ಅಂದಿನಿಂದ ಗೋಡೆ ಸಮ ಬಂದಿದೆಯೋ ಇಲ್ಲವೋ ಎಂದು ನೋಡುವಾಗ ಆಕೆ ಕತ್ತನ್ನು ಎಡಕ್ಕೆ ತಿರುಗಿಸುತ್ತಾಳೆ. ನಾವು ಹುಡುಗರು ಅದನ್ನು ಅಣಕಿಸುತ್ತಿದ್ದೆವು. ಆಕೆಯ ಕಿವಿಗೆ ಬೀಳುವಂತೆಯೇ.

ಗೋಡೆಯ ಬುಡಕ್ಕೆ ಮೊಣಕಾಲೆತ್ತರದ ಕೆಮ್ಮಣ್ಣಿನ ಪಟ್ಟಿ ಬರಬೇಕು. ಆ ಕೆಂಪು ಸಂಡೂರಿನ ಮಣ್ಣಿಗೇ ಇತ್ತು. ವರ್ಷಕ್ಕೆ ಒಮ್ಮೆ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಎರಡು ಗೋಣಿ ತುಂಬಿಕೊಂಡು, ಕಂಡಕ್ಟರ್ ಜೊತೆ ಜಗಳವಾಡಿ ಸಂಜೆಗೆ ವಾಪಸು ಬರುತ್ತಿದ್ದಳು. ಮುಂದೆ ಅದಿರಿಗೆ ಬೆಲೆ ಬಂದು ಲಾರಿಗಳು ಸಾಲುಗಟ್ಟಿದ ಮೇಲೆ, ಆಕೆ ಮಣ್ಣು ಅಗೆಯುತ್ತಿದ್ದ ಜಾಗಕ್ಕೆ ತಂತಿ ಬೇಲಿ ಬಿತ್ತು. ಕಾವಲುಗಾರನೊಬ್ಬ ಎರಡು ಗೋಣಿ ಮಣ್ಣಿಗಾಗಿ ಆಕೆಯನ್ನು ಕಳ್ಳಿ ಎಂದು ಕರೆದ. ಆ ಹೊತ್ತಿಗೆ ಓಣಿಯವರೂ ಡಿಸ್ಟೆಂಪರಿಗೆ ಹೋಗಿದ್ದರು. ಹಂಪಯ್ಯ ತೀರಿಕೊಂಡ, ಇದ್ದೊಬ್ಬ ಮಗಳು ಮದುವೆಯಾಗಿ ಹೋದಳು. ಎರ್ರೆಮ್ಮ ಕಲ್ಯಾಣಮಂಟಪದ ಕಸಕ್ಕೆ ಹೋದಳು.

ನಡುವೆ ಒಂದು ತಮಾಷೆಯೂ ಆಯಿತು. ಹಂಪಿ ಹತ್ತಿರ ಹೋಟೆಲ್ ಮಾಡುವವರು ಯಾರೋ ಹಳೇ ಕಾಲದ ಗೋಡೆ ಬೇಕೆಂದು ಆಕೆಯನ್ನು ಹುಡುಕಿಕೊಂಡು ಬಂದರು. ವಾರಗಟ್ಟಲೆ ಸುಣ್ಣ ಹಚ್ಚಿಸಿದರು. ಬಂದವರೆಲ್ಲ ಆ ಗೋಡೆಗೆ ಆನಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರಂತೆ. "ಸುಣ್ಣ ಮೈಗೆ ಹತ್ತತೈತ್ರಿ, ಸರಕೊಳ್ರಿ ಅಂದ್ರ ನಗ್ತಿದ್ರಪ. ಅವರಿಗೆ ಹತ್ತಬೇಕಾಗಿತ್ತಂತ" ಎಂದು ಎರ್ರೆಮ್ಮ ನಗುತ್ತಾಳೆ.

ಸಂಡೂರಿನ ಬಸ್ಸು, ಗೋಣಿ, ಸಂಜೆ ವಾಪಸು ಬರುವುದು ಎಲ್ಲ ಗೊತ್ತಿದ್ದೂ ನಾನು ಆ ಸಾಲನ್ನು ಯಾಕೆ ಬರೆದೆ? ಚೆಂದಕ್ಕೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಈಗ ಬೇರೆ ಅನ್ನಿಸುತ್ತದೆ. ನಮ್ಮ ಬಚ್ಚಲ ನೀರು ಆಕೆಯ ಬಾಗಿಲ ಮುಂದೆ ಹರಿಯುತ್ತಿತ್ತು. ಹಿತ್ತಲ ಬಾಗಿಲಲ್ಲಿ ಆಕೆಗೆಂದೇ ಒಂದು ಅಲ್ಯುಮಿನಿಯಂ ಲೋಟ ಬೇರೆ ಇತ್ತು. ಆಕೆಯನ್ನು ಗೋಡೆಯಾಚೆ ಇಟ್ಟು ಬರೆದರೆ ಆ ನೀರನ್ನೂ ಆ ಲೋಟವನ್ನೂ ಬರೆಯಬೇಕಾಗುತ್ತಿತ್ತು. ಗುಡ್ಡದಿಂದ ಇಳಿಸಿಬಿಟ್ಟರೆ ಯಾವುದೂ ಬೇಕಿಲ್ಲ. ಊರವರ ಲಂಚ, ಜಾತಿ, ಗಣಿ ಎಲ್ಲದರ ಮೇಲೂ ಬೆಂಕಿ ಕಾರುವ ಅಂಕಣಕಾರ ತನ್ನ ಮನೆಯ ಹಿಂದಿನ ಗೋಡೆಯ ಹತ್ತಿರ ಬಂದಾಗ ಕವಿಯಾಗಿಬಿಟ್ಟ.

ಈಗ ನಡೆದದ್ದಕ್ಕೆ ಬರುತ್ತೇನೆ.

ದೊಡ್ಡಪ್ಪ ದೊಡ್ಡಬಸಪ್ಪನಿಗೆ ಎಂಬತ್ತೇಳು. ಅವನ ಮಗ ಹಾಲೇಶ್ ಹಳೇ ಮನೆ ಕೆಡವಿ ಮೂರಂತಸ್ತು ಎತ್ತುವ ತಯಾರಿಯಲ್ಲಿದ್ದಾನೆ. ಕೆಡವುವ ಮೊದಲು ಎಲ್ಲರೂ ಒಂದು ಸಲ ಕೂಡಿ ಉಣ್ಣೋಣ, ಹಳೇ ನೆನಪು ಮಾತಾಡೋಣ ಎಂದು ಭಾನುವಾರ ಕರೆದ. ಕಂಪ್ಲಿಯಿಂದ ಅವನ ಅಕ್ಕ ಶಾಂಭವಿ ಬಂದಳು. ನಾನು ಡ್ಯಾಂನಿಂದ ಹೋದೆ. ಪಡಸಾಲೆ ತುಂಬ ಜನ, ಮಿರ್ಚಿ, ಒಗ್ಗರಣೆ ಮಂಡಕ್ಕಿ. ಯಾರೋ ಫೋನಿನಲ್ಲಿ ವಿಡಿಯೋ ಮಾಡುತ್ತಿದ್ದರು. ಪ್ರತಿಯೊಬ್ಬರೂ ಒಂದೊಂದು ನೆನಪು ಹೇಳಬೇಕು.

ಶಾಂಭವಿ ತನ್ನ ಮದುವೆಯದು ಹೇಳಿದಳು. "ನೀಲಿ ಮನಿ ನೆನಪೈತೇನ್ರೋ? ಅಪ್ಪ ಬಳ್ಳಾರಿಯೊಳಗ ಯಾರದೋ ಬಂಗ್ಲೆ ನೋಡಿ ಬಂದು, ಇಡೀ ಮನಿಗೆ ನೀಲಿ ಬಡಿಸಿದ್ದ."

"ಗಂಡಿನ ಕಡಿಯೋರು ಮನಿ ಯಾವ್ದು, ಆಕಾಶ ಯಾವ್ದು ತಿಳೀದ ಓಣಿ ತುದಿಗೆ ಹೋಗಿ ವಾಪಸ್ ಬಂದ್ರು" ಅಂದ ಹಾಲೇಶ್.

ದೊಡ್ಡಪ್ಪ ಕುರ್ಚಿಯಲ್ಲಿ ನೆಟ್ಟಗಾದ. ಅದು ಅವನ ಅಚ್ಚುಮೆಚ್ಚಿನ ಕಥೆ. "ಮುಂದ ಅಷ್ಟ ಅಲ್ಲ, ಹಿಂದಿನ ಗೋಡಿಗೂ ಹಾಕ್ಸಿದ್ದೆ. ಪಂಕ್ತಿ ಹಿತ್ತಲದಾಗ ಇತ್ತಲ್ಲ. ಬೀಗರು ಉಣ್ಣಾಕ ಕುಂತಾಗ ಎದುರಿಗೆ ನೀಲಿ ಕಾಣಬೇಕು. ಎಂಬತ್ತಾರನೇ ಇಸ್ವಿ. ಯಾರ ಮನ್ಯಾಗ ಇತ್ತು ಹೇಳ್ರಿ ಅಂಥ ಬಣ್ಣ?"

ಫೋಟೋ ಆಲ್ಬಂ ಬಂತು. ಪಂಕ್ತಿಯ ಫೋಟೋದಲ್ಲಿ ನೀಲಿ ಗೋಡೆ ಇದೆ. ಬಲತುದಿಯಲ್ಲಿ, ಎರ್ರೆಮ್ಮನ ಕೋಣೆ ಇರಬೇಕಾದಲ್ಲಿ, ಶಾಮಿಯಾನದ ಬಟ್ಟೆ ಇಳಿಬಿಟ್ಟಿದೆ. ಬೀಗರಿಗೆ ಕಾಣದಿರಲಿ ಎಂದು ಕಟ್ಟಿದ್ದು. ನನಗೆ ಆಗ ಒಂಬತ್ತು ವರ್ಷ. ಆ ಬಟ್ಟೆಯ ಹಗ್ಗ ಹಿಡಿದುಕೊಂಡವನು ನಾನು.

"ಎರ್ರೆಮ್ಮ ಎಷ್ಟು ಚಂದ ಹಚ್ಚಿದ್ಲು" ಎಂದಳು ಶಾಂಭವಿ. "ನಮ್ಮನಿ ಮಂದಿ ಹಂಗ ಇದ್ಲು ಆಕಿ."

"ಆಕಿ ಮ್ಯಾಲೆ ನಮ್ಮ ವೀರೇಶ ಪೇಪರ್‌ನಾಗ ಬರದಾನ" ಎಂದು ಹಾಲೇಶ್ ಎದ್ದು ಹೋಗಿ, ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದ ನನ್ನ ಲೇಖನ ತಂದ. ವಿಡಿಯೋದ ಮುಂದೆ ನಿಂತು ಗಟ್ಟಿಯಾಗಿ ಓದಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಹಿತ್ತಲ ಬಾಗಿಲಲ್ಲಿ ಎರ್ರೆಮ್ಮ ನಿಂತಿದ್ದಳು. ದೊಡ್ಡ ಪಾತ್ರೆ ತಿಕ್ಕಲು ಅವತ್ತು ಆಕೆಯನ್ನೇ ಕರೆಸಿದ್ದರು. ಆಕೆಗೆ ಓದು ಬಾರದು. ಆ ಲೇಖನ ಆಕೆಯ ಕಿವಿಗೆ ಬಿದ್ದದ್ದು ಅವತ್ತೇ ಮೊದಲು. ಕೈಯೆಲ್ಲ ಬೂದಿ. ಕತ್ತನ್ನು ಎಡಕ್ಕೆ ತಿರುಗಿಸಿ ನನ್ನನ್ನು ನೋಡಿದಳು.

"ಸಂಡೂರಿಂದ ಬರ್ತಿದ್ಲು ಅಂತ ಬರದೀಯೇನಪ?"

"ಅದು ಬರೇ ಬರವಣಿಗಿ, ಎರ್ರೆಮ್ಮ."

"ಹಂಗಾದ್ರ ಗ್ವಾಡಿ ಹಿಂದ ಕೆಮ್ಮತಿದ್ದಾಕಿ ಯಾರು?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಕೆ ಪಾತ್ರೆಗೆ ವಾಪಸು ಹೋದಳು.

ಸೋಮವಾರ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಎರ್ರೆಮ್ಮ ಡ್ಯಾಂ ಬಸ್ಸಿನಿಂದ ಇಳಿದಳು. ಸೆರಗಿನಲ್ಲಿ ಒಂದು ಕವರ್.

ನಮ್ಮ ಓಣಿಯ ಹಿಂದಿನ ತುಂಡು ಜಾಗಗಳಲ್ಲಿ ಇರುವವರಿಗೆ ಹಕ್ಕುಪತ್ರ ಕೊಡಲು ಅಳತೆ ನಡೆದಿದೆ. ಇಪ್ಪತ್ತು ವರ್ಷಕ್ಕಿಂತ ಮೊದಲಿನಿಂದ ಅಲ್ಲೇ ಇದ್ದವರು ಎಂದು ತೋರಿಸಬೇಕು. ಎರ್ರೆಮ್ಮನ ಕಾಗದವೆಲ್ಲ ಶುರುವಾಗುವುದು ಕರೆಂಟು ಬಂದ ಮೇಲೆ. ಮೀಟರ್ ಕೂತು ಹನ್ನೆರಡು ವರ್ಷ. ಹಳೇ ರೇಷನ್ ಕಾರ್ಡು ಟ್ರಂಕಿನಲ್ಲಿತ್ತು. ಪಕ್ಕದ ಡ್ರಮ್ಮು ಒಡೆದು ಸುಣ್ಣದ ನೀರು ಟ್ರಂಕಿಗೆ ಹೋದಾಗ ಅದು ಅಂಬಲಿಯಾಯಿತು. ಇದೆಲ್ಲ ಸಾಲದೆಂದು ಈಗ ಒಂದು ತಕರಾರು ಬಂದಿದೆ, ಓದಿ ಹೇಳು ಎಂದಳು.

ಓದಿದೆ. ತಕರಾರು ಕೊಟ್ಟವನು ಹಾಲೇಶ್. ಹೊಸ ಮನೆಗೆ ಕಾರು ಒಳಗೆ ಬರಲು ಹಿಂದಿನಿಂದ ದಾರಿ ಬೇಕು. ಆ ದಾರಿಯಲ್ಲಿ ಎರ್ರೆಮ್ಮ ಇದ್ದಾಳೆ. 'ಸದರಿ ಮಹಿಳೆಯು ಮೂಲತಃ ಸಂಡೂರು ಕಡೆಯವರಾಗಿದ್ದು, ವರ್ಷಕ್ಕೊಮ್ಮೆ ಮಾತ್ರ ಕೆಲಸಕ್ಕಾಗಿ ಬಂದು ಹೋಗುತ್ತಿದ್ದು, ಸುಮಾರು ಹನ್ನೆರಡು ವರ್ಷದ ಈಚೆಗೆ ನಮ್ಮ ಗೋಡೆಗೆ ಹೊಂದಿಸಿ ಕೋಣೆ ಹಾಕಿಕೊಂಡಿರುತ್ತಾರೆ.' ಕೆಳಗೆ, ಆಧಾರ: ಪತ್ರಿಕಾ ಲೇಖನದ ಪ್ರತಿ. ಹಾಳೆ ತಿರುವಿದರೆ ನನ್ನ ಫೋಟೋ, ನನ್ನ ಹೆಸರು, ನನ್ನ ಸಾಲು. ಆ ಸಾಲಿನ ಕೆಳಗೆ ಕೆಂಪು ಪೆನ್ನಿನ ಗೆರೆ.

ಚಪ್ಪಾಳೆ ತಟ್ಟಿಸಿದಾಗ ಈ ಅರ್ಜಿ ಕೊಟ್ಟಾಗಿತ್ತು. ಅರ್ಜಿಯ ತಾರೀಖು ಶುಕ್ರವಾರದ್ದು.

"ಏನಂತಪ?" ಎಂದಳು.

ಹೇಳಿದೆ. ಆಕೆ ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಕಾಗದ ಮಡಚಿ ಕವರಿಗೆ ಹಾಕಿ, ಝೆರಾಕ್ಸ್ ಮಿಷಿನ್ನಿನ ಮೇಲೆ ಕೈಯಿಟ್ಟಳು.

"ನಾಳಿಗೆ ಸರ್ವೆ ಮೇಡಮ್ಮ ಬರ್ತಾಳಂತ. ನೀನು ಬಂದು ಹೇಳ್ತೀಯೋ ಇಲ್ಲೋ, ಅಷ್ಟು ಹೇಳು."

"ಬರ್ತೀನಿ. ಅದು ಸುಳ್ಳು ಅಂತ ಬರಕೊಡ್ತೀನಿ."

"ಬರಿಯೋದು ಬ್ಯಾಡಪ. ನಿನ್ನ ಬರವಣಿಗಿ ಸಾಕು. ಬಾಯಿಲೆ ಹೇಳು."

ಆಕೆ ಹೋದ ಮೇಲೆ ಹಾಲೇಶನಿಗೆ ಫೋನ್ ಮಾಡಿದೆ. "ಲೇ, ಗ್ವಾಡಿಯಾಚೆ ಆಕಿ ಇದ್ದದ್ದು ನಿನಗ ಗೊತ್ತಿಲ್ಲೇನು?" ಎಂದೆ.

"ನನಗ ಗೊತ್ತಿರೋದು ಬಿಡು. ಬರದಾವ ನೀನು. ಸುಳ್ಳು ಬರದೀ ಅಂತ ಊರಾಗ ಹೇಳ್ಕೊಂತ ತಿರುಗು, ನೋಡೋಣು" ಎಂದು ಇಟ್ಟುಬಿಟ್ಟ. ಅವತ್ತು ನಾಲ್ಕು ಜನರ ಝೆರಾಕ್ಸ್ ಉಲ್ಟಾ ತೆಗೆದೆ. ಮಧ್ಯಾಹ್ನ ಉಣ್ಣಲಿಲ್ಲ. ಕೂತರೂ ಸಮಾಧಾನವಿಲ್ಲ, ನಿಂತರೂ ಇಲ್ಲ.

ಮಂಗಳವಾರ ಹನ್ನೊಂದಕ್ಕೆ ಸರ್ವೆ ಮೇಡಂ ರೇಣುಕಾದೇವಿ ಬಂದರು. ಕೈಯಲ್ಲಿ ಫೈಲು, ಹೆಗಲಿಗೆ ನೀರಿನ ಬಾಟಲಿ. ಹಿತ್ತಲಲ್ಲಿ ಹಾಲೇಶ್ ನಿಂತಿದ್ದ. ದೊಡ್ಡಪ್ಪನ ಕುರ್ಚಿಯನ್ನು ಬಿಸಿಲಿಗೆ ಹಾಕಿದ್ದರು. ಶಾಂಭವಿ ಇನ್ನೂ ಕಂಪ್ಲಿಗೆ ಹೋಗಿರಲಿಲ್ಲ. ಆಚೆ ಮನೆಯ ಹುಸೇನಮ್ಮ ಹೊಲಿಗೆ ಬಿಟ್ಟು, ಕತ್ತಿಗೆ ಟೇಪು ಹಾಕಿಕೊಂಡೇ ಬಂದು ನಿಂತಳು.

ನಾನು ಮುಂದೆ ಹೋಗಿ ಹೇಳಿದೆ. ಆ ಲೇಖನ ನಾನು ಬರೆದದ್ದು. ಅದು ತಪ್ಪು. ನನಗೆ ಐದಾರು ವರ್ಷ ಇದ್ದಾಗಿನಿಂದ ಈಕೆ ಇಲ್ಲೇ ಇದ್ದಾಳೆ.

ಮೇಡಂ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಪೇಪರ್‌ನಾಗ ಬರದದ್ದು ಸುಳ್ಳಂತೀರಿ?"

"ಹೌದ್ರಿ."

"ಮತ್ತ ಈಗ ಹೇಳೋದು ಖರೆ ಅಂತ ನಾ ಹೆಂಗ ನಂಬ್ಲಿ?"

ಹಾಲೇಶ್ ಕೆಮ್ಮಿದ ಹಾಗೆ ಮಾಡಿ ನಕ್ಕ.

"ನೀವಿರೋದು ಎಲ್ಲಿ?" ಮೇಡಂ ಕೇಳಿದರು.

"ಟಿ.ಬಿ. ಡ್ಯಾಂ."

"ಹಂಗಾದ್ರ ನಿಮ್ಮ ಸಹಿ ನಡಿಯಂಗಿಲ್ರಿ. ಈ ಓಣಿಯೊಳಗ ಈಗ ಇರೋರು, ಹಿರೇರು, ಇಬ್ಬರು ಹೇಳಿಕೆ ಕೊಡಬೇಕು."

ಹುಸೇನಮ್ಮ ಟೇಪನ್ನು ಕತ್ತಿನಿಂದ ತೆಗೆದಳು. "ನಾನೊಬ್ಬಾಕಿ ಬರಕೊಳ್ರಿ. ನನ್ನ ಮದಿವಿ ಆಗಿ ಬಂದಾಗ ನನಗ ಮೊದಲ ನೀರು ಕೊಟ್ಟಾಕಿ ಈಕಿ. ನಲವತ್ತು ವರ್ಷದ ಮ್ಯಾಲಾತು."

"ಇನ್ನೊಬ್ಬರು?"

ಓಣಿ ಹಿತ್ತಲ ಬಾಗಿಲುಗಳಲ್ಲಿ ನಿಂತು ನೋಡುತ್ತಿತ್ತು. ಎಲ್ಲರ ಬಾಲ್ಯಕ್ಕೂ ಈಕೆಯೇ ಸುಣ್ಣ ಹಚ್ಚಿದವಳು. ಒಬ್ಬರು ಒಳಗೆ ಕುಕ್ಕರ್ ಕೂಗಿತೆಂದು ಹೋದರು. ಇನ್ನೊಬ್ಬರು, ಹಾಲೇಶ್ ಅಣ್ಣ ಹೇಳಿದ ಹಂಗ ರೀ, ಎಂದರು. ಭಾನುವಾರ ನೆನಪುಗಳಿಗೆ ಬರವಿರಲಿಲ್ಲ. ಮಂಗಳವಾರ ಸಹಿ ಎಂದ ಕೂಡಲೇ ಇಡೀ ಓಣಿಗೆ ಮರೆವು.

ಆಗ ಎರ್ರೆಮ್ಮ ತನ್ನ ಕೋಣೆಯೊಳಗೆ ಹೋಗಿ, ಗೋಡೆ ಕೆರೆಯಲು ಇಟ್ಟುಕೊಂಡಿದ್ದ ಹಳೇ ಗರಗಸದ ಪಟ್ಟಿ ತಂದಳು.

"ಮೇಡಮ್ಮ, ನೀವು ಇವರ್ನ ಕೇಳಬ್ಯಾಡ್ರಿ. ಗ್ವಾಡಿ ಕೆರಿತೀನಿ, ನೋಡ್ರಿ."

"ಏನು ನೋಡೋದು?"

"ಎಂಬತ್ತಾರನೇ ಇಸ್ವಿಯಾಗ ಈ ಮನಿಗೆ ನೀಲಿ ಹಚ್ಚಿದಾಕಿ ನಾನು. ನಾನು ನಿನ್ನೆ ಮೊನ್ನೆ ಬಂದು ಈ ಗ್ವಾಡಿಗೆ ಕೋಣಿ ಹಚ್ಕೊಂಡಿದ್ರ, ನನ್ನ ಕೋಣಿ ಒಳಗ ಈ ಗ್ವಾಡಿ ಮ್ಯಾಲೂ ನೀಲಿ ಇರಬೇಕಲ್ರಿ. ಬಿಳೇದರ ಕೆಳಗ. ಇದ್ರ ನಾನ ಗಂಟುಮೂಟಿ ಕಟ್ತೀನಿ."

ಹಾಲೇಶ್ ಏನೋ ಹೇಳಲು ಬಾಯಿ ತೆಗೆದ. ಮೇಡಂ ಕೈಯೆತ್ತಿ ತಡೆದರು. "ಕೆರಿಯಮ್ಮ."

ಮೊದಲು ಹೊರಗೆ, ತನ್ನ ಕೋಣೆ ನಮ್ಮ ಗೋಡೆಗೆ ಕೂಡುವ ಮೂಲೆಯಿಂದ ಒಂದು ಮೊಳ ಈಚೆ ಕೆರೆದಳು. ಕೆನೆ ಬಣ್ಣದ ಡಿಸ್ಟೆಂಪರ್ ಸಿಪ್ಪೆಯಾಗಿ ಉದುರಿತು. ಅದರ ಕೆಳಗೆ ಹಳದಿ. ಹಳದಿಯ ಕೆಳಗೆ ಸುಣ್ಣ, ಪದರಿನ ಮೇಲೆ ಪದರು, ಒಂದೊಂದು ದಸರೆಗೆ ಒಂದೊಂದು. ಆಕೆ ಪಟ್ಟಿಯನ್ನು ಅಡ್ಡ ಹಿಡಿದಳು. ನೀಲಿ ಬಂತು. ಅಂಗೈಯಗಲ. ಮಾಸಿರಲಿಲ್ಲ, ಮೂವತ್ತೆಂಟು ವರ್ಷ ಬಿಸಿಲು ಕಾಣದೆ ಒಳಗೇ ಇದ್ದ ನೀಲಿ. ಶಾಂಭವಿ ಬಾಯಿಗೆ ಸೆರಗು ಹಿಡಿದಳು.

ಆಮೇಲೆ ಒಳಗೆ. ಮೇಡಂ ಬಗ್ಗಿ ಹೋದರು, ನಾನು ಬಾಗಿಲಲ್ಲಿ ನಿಂತೆ. ಗೋಡೆ ಅದೇ, ನಮ್ಮದೇ. ಎರ್ರೆಮ್ಮ ಮೂರು ಕಡೆ ಕೆರೆದಳು. ಬಿಳಿ, ಬಿಳಿ, ಒಲೆಯ ಹೊಗೆ ಹಿಡಿದ ಕಂದು, ಮತ್ತೆ ಬಿಳಿ. ಕೊನೆಗೆ ಮಣ್ಣು. ನೀಲಿಯ ಒಂದು ಚುಕ್ಕೆಯೂ ಇಲ್ಲ.

"ಇನ್ನೊಂದು ನೋಡ್ರಿ" ಎಂದು ಹೊರಗೆ ಬಂದು, ತನ್ನ ಮಣ್ಣಿನ ಗೋಡೆ ನಮ್ಮದಕ್ಕೆ ಕೂಡುವ ಸಂದಿಯಲ್ಲಿ ಬೆರಳಿಟ್ಟಳು. ಅಲ್ಲಿ ಕೆರೆದರೆ ಆಕೆಯ ಗೋಡೆಯ ಅಂಚಿಗೂ ಎರಡು ಬೆರಳಗಲ ನೀಲಿ ಬಳಿದುಕೊಂಡಿತ್ತು. "ಮದಿವಿ ನಾಕು ದಿನ ಇತ್ತು, ಅವಸರ. ಕುಂಚ ಹೊಳ್ಳಿಸುವಾಗ ನನ್ನ ಗ್ವಾಡಿಗೂ ಬಡೀತು. ಕೆಲಸದಾಗ ಅದು ತಪ್ಪರಿ. ನಮ್ಮತ್ತಿ ಬೈದಿದ್ಲು."

ಮೇಡಂ ಫೋಟೋ ತೆಗೆದುಕೊಂಡರು. ಫೈಲಿನ ಮೇಲೆ ಏನೋ ಬರೆದರು. "ಬಣ್ಣ ನೋಡಿ ಬರೀಬಹುದಮ್ಮ. ಆದ್ರ ಆ ಬಣ್ಣ ಆ ವರ್ಷದ್ದ ಅನ್ನಾಕ ಯಾರರ ಹೇಳಬೇಕಲ್ಲ."

"ನಾನು ಹೇಳ್ತೀನಿ" ಎಂದ ಕುರ್ಚಿಯಿಂದ ದೊಡ್ಡಪ್ಪ.

ಎಲ್ಲರೂ ತಿರುಗಿದರು. ಅವನ ಕಣ್ಣು ಎರ್ರೆಮ್ಮನ ಮೇಲಿರಲಿಲ್ಲ, ಮೇಡಂ ಮೇಲೂ ಇರಲಿಲ್ಲ. ನೀಲಿಯ ಮೇಲಿತ್ತು. "ನಾ ಹಾಕ್ಸಿದ್ದು ಅದು. ಹೊಸಪ್ಯಾಟಿಯಾಗ ಆ ನೀಲಿ ಸಿಗದ ಬಳ್ಳಾರಿಗೆ ಹೋಗಿ ತಂದಿದ್ದೆ. ಈಕಿಗೆ ಹೇಳಿದ್ದೆ, ಈ ಮೂಲಿಯಿಂದ ಆ ಮೂಲಿತನಕ ಒಂದ ಸಮ ಬರಬೇಕು ಅಂತ. ಈಕಿ ಈ ಮೂಲಿ ಬಿಟ್ಲು. ಯಾಕಲೇ ಬಿಟ್ಟಿ ಅಂದ್ರ, ಅಲ್ಲಿ ನನ್ನ ಒಲಿ ಐತ್ರಿ ಸಾವ್ಕಾರ್ರ, ಕೂಸು ಮಲಗೇತ್ರಿ ಅಂದ್ಲು. ಎದುರು ಮಾತಾಡ್ತಿ ಅಂತ ಮದಿವ್ಯಾಗ ಎಲ್ಲ ಕೆಲಸದೋರಿಗೂ ಸೀರಿ ಕೊಟ್ಟೆ, ಈಕಿಗೆ ಕೊಡ್ಲಿಲ್ಲ ನಾನು."

ಹೆಮ್ಮೆಯಿಂದಲೇ ಹೇಳಿದ. ಮೇಡಂ ಪೆನ್ನು ಓಡುತ್ತಿತ್ತು.

"ಮೇಡಂ, ಅದನ್ನ ಬರಕೋಬ್ಯಾಡ್ರಿ" ಎಂದು ಹಾಲೇಶ್ ಮುಂದೆ ಬಂದ. "ಅಪ್ಪಗ ಎಂಬತ್ತೇಳು. ಮರುವು ಐತಿ. ಏನರ ಒಂದು ಹೇಳ್ತಾನ."

ದೊಡ್ಡಪ್ಪ ಮಗನನ್ನು ದಿಟ್ಟಿಸಿದ. "ಯಾರಿಗಲೇ ಮರುವು?"

"ಅಪ್ಪಾ, ನೀ ಸುಮ್ನಿರು."

"ನಿನ್ನ ಅಕ್ಕನ ಮದಿವಿಗೆ ಅಡಿಗಿ ಮಾಡಿದಾವ ಯಾರು ಹೇಳು. ಗೊತ್ತಿಲ್ಲ ನಿನಗ. ಕೊಟ್ಟೂರಿಂದ ಬಂದಿದ್ದ. ಬೂಂದಿ ಕಡಿಮಿ ಬಿದ್ದು ನೀನ ಅತ್ತಿದ್ದಿ. ಪೆಂಡಾಲದ ಗಳ ಮುರದು ಯಾರ ತಲಿ ಮ್ಯಾಲೆ ಬಿತ್ತು, ಅದು ಹೇಳ್ಲೇನು?" ಮೇಡಂ ಕಡೆಗೆ ಕೈ ಚಾಚಿದ. "ಮರುವಂತ. ಎಲ್ಲೈತ್ರಿ ಮೇಡಮ್ಮ ಕಾಗದ, ತರ್ರಿ ಇಲ್ಲಿ."

ಸಹಿ ಹಾಕಿದ. ಪೂರ್ಣ ಹೆಸರು, ತಂದೆಯ ಹೆಸರು, ಓಣಿ, ಊರು. ನಿಧಾನವಾಗಿ, ಒಂದಕ್ಷರವೂ ಬಿಡದೆ. ಅದನ್ನು ನ್ಯಾಯ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ. ಎರ್ರೆಮ್ಮನಿಗೋಸ್ಕರ ಅವನು ಸಹಿ ಮಾಡಲಿಲ್ಲ. ತನ್ನ ನೀಲಿಗೋಸ್ಕರ, ತನ್ನ ನೆನಪಿನ ಶಕ್ತಿಗೋಸ್ಕರ ಮಾಡಿದ. ಪಾಪಪ್ರಜ್ಞೆಯಿಂದ ಬಂದಿದ್ದ ನನ್ನ ಸಹಿ ಯಾರಿಗೂ ಬೇಕಾಗಲಿಲ್ಲ, ಜಂಬದಿಂದ ಬಂದ ಅವನ ಸಹಿ ನಡೆಯಿತು.

ಶಾಂಭವಿ ಹತ್ತಿರ ಬಂದಳು. "ಎರ್ರೆಮ್ಮ, ಆ ಸೀರಿ ವಿಷ್ಯ ನನಗ ಗೊತ್ತಿರಲಿಲ್ಲ. ಈಗ ನಾನು..."

"ಬಿಡವ್ವ" ಎಂದಳು ಎರ್ರೆಮ್ಮ. "ಈಗ ಸೀರಿ ಮಾತಲ್ಲ. ಗ್ವಾಡಿ ಮಾತು ನಡದೈತಿ."

ಮೇಡಂ ಹೋಗುವಾಗ ಹೇಳಿದ್ದಿಷ್ಟು: ವರದಿ ಮೇಲಕ್ಕೆ ಹೋಗುತ್ತದೆ, ತೀರ್ಮಾನ ಅಲ್ಲಿಯದು, ಅಲ್ಲಿಯವರೆಗೆ ಈ ಗೋಡೆಯನ್ನು ಯಾರೂ ಕೆಡವಬಾರದು. ಹಾಲೇಶ್ ನನ್ನ ಕಡೆ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನೆನಪಿನ ವಿಡಿಯೋ ಆ ರಾತ್ರಿಯೇ ಫ್ಯಾಮಿಲಿ ಗ್ರೂಪಿಗೆ ಬಂತು. ನಾನು ಅದರ ಕೆಳಗೆ ಮಂಗಳವಾರ ನಡೆದದ್ದನ್ನು ಬರೆದು ಹಾಕಿದೆ. ಹತ್ತು ನಿಮಿಷದಲ್ಲಿ ನನ್ನನ್ನು ಗ್ರೂಪಿನಿಂದ ತೆಗೆದರು.

ಇದಾಗಿ ಏಳು ವಾರ. ವರದಿ ಇನ್ನೂ ಮೇಲೆಯೇ ಇದೆ. ವಾರಕ್ಕೆರಡು ಸಲ ಹೋಗಿ ಕೇಳುತ್ತೇನೆ. ಇನ್ನೂ ಬಂದಿಲ್ಲ ಎನ್ನುತ್ತಾರೆ. ಹಕ್ಕುಪತ್ರ ಸಿಕ್ಕರೂ ಅದರಲ್ಲಿ ಮೂರು ಗೋಡೆ ಆಕೆಯವು, ನಾಲ್ಕನೆಯದು ಹಾಲೇಶನದು. ಇವತ್ತಲ್ಲ ನಾಳೆ ಅವನು ಅದನ್ನು ಕೆಡವುತ್ತಾನೆ. ಈ ಯೋಚನೆಯಲ್ಲಿ ನನಗೆ ನಿದ್ದೆ ಸರಿಯಾಗಿಲ್ಲ. ಎರ್ರೆಮ್ಮನಿಗೆ ಅಷ್ಟೊಂದು ಯೋಚಿಸಲು ಪುರುಸೊತ್ತಿಲ್ಲ.

ಹೋದ ಭಾನುವಾರ ಹೋದಾಗ ಬಾಗಿಲ ಮುಂದೆ ಹಳೇ ಇಟ್ಟಿಗೆಯ ರಾಶಿ ಬಿದ್ದಿತ್ತು. ಎಲ್ಲೋ ಕೆಡವಿದ ಮನೆಯದು. ಒಳಗೆ, ನಮ್ಮ ಗೋಡೆಯಿಂದ ಒಂದು ಗೇಣು ಈಚೆಗೆ, ಆಕೆ ಹೊಸ ಗೋಡೆ ಎಬ್ಬಿಸುತ್ತಿದ್ದಳು. ಮೊಣಕಾಲೆತ್ತರ ಬಂದಿತ್ತು. ಕೋಣೆ ಅಷ್ಟರ ಮಟ್ಟಿಗೆ ಸಣ್ಣದಾಗಿತ್ತು. ಮಂಚ ಈಗ ಉದ್ದಕ್ಕೆ ಹಿಡಿಯುವುದಿಲ್ಲ.

"ಕಾಲು ಎಲ್ಲಿ ಚಾಚ್ತಿ ಇನ್ನ?" ಎಂದೆ.

"ಮಡಚ್ಕೊಂಡು ಮಲಗ್ತೀನಿ. ನಲವತ್ತೆರಡು ವರ್ಷ ನಿಮ್ಮ ಗ್ವಾಡಿ ನಂಬಿ ಮಲಗಿದ್ದಾತು."

ಕೆರೆದ ಮೂರು ಕಡೆ ಆಕೆ ಆಗಲೇ ಸುಣ್ಣ ಹಚ್ಚಿ ಮುಚ್ಚಿದ್ದಳು. ಹೊರಗಿನ ನೀಲಿ ಹಾಗೆಯೇ ಇತ್ತು. ಅದನ್ನೂ ಮುಚ್ಚಲೇ ಎಂದು ಕೇಳಿದೆ.

"ಅದು ನಿಮ್ಮ ಮನಿದು. ನಿಮ್ಮೋರು ಮುಚ್ಚಲಿ" ಎಂದಳು.

ನಾನು ತಂದಿದ್ದ ಈ ಬರಹವನ್ನು ಓದಲು ಹೋದೆ. ಆಕೆ ಕತ್ತನ್ನು ಎಡಕ್ಕೆ ತಿರುಗಿಸಿ ಗೋಡೆಯ ಸಾಲು ನೋಡುತ್ತಿದ್ದಳು.

"ಮೊದಲ ಸಾಲು ಅಷ್ಟ ಓದು."

ಓದಿದೆ.

"ಆತು. ಅದನ್ನ ಹಾಕು" ಎಂದಳು. "ಈಗ ಕಾಗದ ಇಟ್ಟು ಇಟಗಿ ಕೊಡು. ಅರ್ಧ ಇಟಗಿ ಬ್ಯಾಡ, ಇಡೀದು."